ಯಾವ ಪುಸ್ತಕ ಓದಲಿ? ಶಿವಮೊಗ್ಗದ ಪುಸ್ತಕದಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ಪುಸ್ತಕದಂಗಡಿ. ಪಠ್ಯಪುಸ್ತಕ, ಗೈಡು ಇಡುವುದಿಲ್ಲ. ಕತೆ, ಕಾದಂಬರಿ, ಕವಿತೆ, ಆತ್ಮಕತೆ, ಮಕ್ಕಳ ಪುಸ್ತಕ, ಇಷ್ಟೇ. ಬಿಲ್ ಮಾಡಿಸುವ ಮೊದಲು ಜನ ಏನಾದರೂ ಕೇಳಿಯೇ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇವು ವಿಮರ್ಶಕರ ಮಾತಲ್ಲ. ಓದಿದ್ದನ್ನು ಇನ್ನೊಬ್ಬರ ಕೈಗಿಡುವ ಕೆಲಸ ಮಾಡುವವನ ಅಭಿಪ್ರಾಯ.

ನನಗೆ ಓದುವ ಅಭ್ಯಾಸವೇ ಇಲ್ಲ. ಯಾವುದರಿಂದ ಶುರು ಮಾಡಲಿ?

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಈ ಕಾದಂಬರಿಯನ್ನು ಇವತ್ತಿನ ಹುಡುಗರ ಕೈಗೆ ಕೊಟ್ಟರೂ ಕೆಳಗಿಡುವುದಿಲ್ಲ. ಹೆಚ್ಚು ಪುಟಗಳಿಲ್ಲ. ವಾಕ್ಯಗಳು ಚಿಕ್ಕವು. ಮೂಡಿಗೆರೆ ಕಡೆಯ ಕಾಡು, ಜೇನು, ಒಬ್ಬ ವಿಜ್ಞಾನಿ, ಅವರ ಜೊತೆ ಹಳ್ಳಿಯ ಮಂದಣ್ಣ. ಎಲ್ಲರೂ ಸೇರಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಕತೆ ಹೇಳಬೇಕೆಂದರೆ ಇಷ್ಟೇ ಹೇಳಬಹುದು. ಊರಿನವರ ಕಣ್ಣಿಗೆ ಮಂದಣ್ಣ ಯಾವ ಕೆಲಸಕ್ಕೂ ಬಾರದ ಹುಡುಗ. ಕರ್ವಾಲೊ ಅವರಿಗೆ ಮಾತ್ರ ಅವನಲ್ಲಿ ದೊಡ್ಡ ಜೀವವಿಜ್ಞಾನಿ ಕಾಣುತ್ತಾನೆ. ಇದನ್ನು ಓದಿದ ಮೇಲೆ ನಮ್ಮೂರಿನ ಮಂದಣ್ಣರನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಕಾದಂಬರಿ ಅಂದರೇ ಭಯ ಅನ್ನುವವರಿಗೆ ತೇಜಸ್ವಿಯವರದ್ದೇ 'ಪರಿಸರದ ಕತೆ' ಕೊಡುತ್ತೇನೆ. ಬಿಡಿಬಿಡಿ ಬರಹಗಳು. ಮೀನು ಹಿಡಿಯುವುದು, ಕಿವಿ ಅನ್ನೋ ನಾಯಿ, ಮಾರ, ಪ್ಯಾರ. ಯಾವ ಪುಟದಿಂದ ಬೇಕಾದರೂ ಓದಬಹುದು. ಬಸ್ಸಿನಲ್ಲಿ ಓದಿ, ಊಟ ಆದ ಮೇಲೆ ಓದಿ. ಓದು ರೂಢಿಯಾಗಲು ದಿನಕ್ಕೆ ಹತ್ತು ಪುಟ ಸಾಕು.

ಕುವೆಂಪು ಓದಬೇಕು ಅಂತ ಬಹಳ ಆಸೆ. 'ಮಲೆಗಳಲ್ಲಿ ಮದುಮಗಳು' ತಗೊಂಡೆ, ಐವತ್ತು ಪುಟಕ್ಕೇ ನಿಂತುಹೋಯಿತು. ನನ್ನ ಕೈಲಾಗದ ಪುಸ್ತಕ ಅನ್ನಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ತೀರ್ಥಹಳ್ಳಿ ಪಕ್ಕದಲ್ಲೇ ಇದೆ, ಕುಪ್ಪಳಿಗೆ ಹೋಗಿ ಕವಿಶೈಲ ನೋಡಿ ಬರುತ್ತಾರೆ. ಅದೇ ಹುರುಪಿನಲ್ಲಿ ಬಂದು ಈ ದೊಡ್ಡ ಪುಸ್ತಕ ಕೊಂಡುಹೋಗುತ್ತಾರೆ. ಒಂದು ವಾರ ಕಳೆದ ಮೇಲೆ ಸಪ್ಪೆ ಮುಖ ಮಾಡಿಕೊಂಡು ಬರುತ್ತಾರೆ.

ನಿಮ್ಮ ಕೈಲಾಗದ ಪುಸ್ತಕ ಅಲ್ಲವೇ ಅಲ್ಲ. ಇದರಲ್ಲಿ ನಾಯಕ, ನಾಯಕಿ ಯಾರು ಅಂತ ಹುಡುಕಿದರೆ ದಾರಿ ತಪ್ಪುತ್ತದೆ. ಶುರುವಿನಲ್ಲಿ ಗುತ್ತಿ ಬರುತ್ತಾನೆ, ಜೊತೆಗೆ ಅವನ ನಾಯಿ ಹುಲಿಯ. ಸ್ವಲ್ಪ ಹೊತ್ತಿನಲ್ಲಿ ಬೇರೆ ಯಾರೋ ಬರುತ್ತಾರೆ. ಸಿಂಬಾವಿ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ ಅಂತ ಮನೆಗಳ ಮೇಲೆ ಮನೆಗಳು. ಗುತ್ತಿ–ತಿಮ್ಮಿ, ಮುಕುಂದಯ್ಯ–ಚಿನ್ನಮ್ಮ, ಐತ–ಪಿಂಚಲು ಹೀಗೆ ಜೋಡಿಗಳು. ಅವರವರ ಹಾದಿ ಕಾಡಿನಲ್ಲಿ ಒಂದನ್ನೊಂದು ದಾಟುತ್ತಾ ಹೋಗುತ್ತದೆ. ಅಲ್ಲಿ ಒಡೆಯನ ಬದುಕಿಗೆ ಎಷ್ಟು ಜಾಗವೋ ಆಳಿನ ಬದುಕಿಗೂ ಅಷ್ಟೇ ಜಾಗ. ನಾಯಿಗೂ ಅಷ್ಟೇ. 1967ರಲ್ಲಿ ಬಂದ ಕಾದಂಬರಿ, ಕತೆ ನಡೆಯುವುದು 19ನೇ ಶತಮಾನದ ಕೊನೆಯ ಭಾಗದಲ್ಲಿ.

ನನ್ನ ಸಲಹೆ ಹೀಗಿದೆ. ಮೊದಲು 1933ರಲ್ಲಿ ಬಂದ 'ಮಲೆನಾಡಿನ ಚಿತ್ರಗಳು' ಓದಿ. ತೆಳ್ಳನೆ ಪುಸ್ತಕ. ಮಳೆ, ಬೇಟೆ, ಅಡಿಕೆ ತೋಟ, ಮನೆಯ ಮಾತುಕತೆ ಎಲ್ಲ ಅದರಲ್ಲಿದೆ. ಕುವೆಂಪು ಅವರ ಗದ್ಯದ ಲಯ ಕಿವಿಗೆ ಹಿಡಿಯುತ್ತದೆ. ಆಮೇಲೆ 'ಕಾನೂರು ಹೆಗ್ಗಡಿತಿ'. 1936ರ ಕಾದಂಬರಿ. ಅಲ್ಲಿ ಹೂವಯ್ಯ, ಸುಬ್ಬಮ್ಮ, ಚಂದ್ರಯ್ಯಗೌಡರ ಸುತ್ತ ಕತೆ ನೇರವಾಗಿ ಸಾಗುತ್ತದೆ. ಇದಾದ ಮೇಲೆ 'ಮದುಮಗಳು' ಹಿಡಿಯಿರಿ. ಒಂದು ಹಾಳೆಯಲ್ಲಿ ಮನೆಗಳ ಹೆಸರು, ಆ ಮನೆಯವರ ಹೆಸರು ಬರೆದಿಟ್ಟುಕೊಳ್ಳಿ. ನೂರು ಪುಟ ದಾಟಿದ ಮೇಲೆ ಆ ಹಾಳೆ ಬೇಕಾಗುವುದಿಲ್ಲ.

ಇನ್ನೊಂದು ಮಾತು. ಮಳೆಗಾಲದಲ್ಲಿ ಓದಿ. ಹೊರಗೆ ಮಳೆ ಸುರಿಯುತ್ತಿದ್ದರೆ ಈ ಪುಸ್ತಕಕ್ಕೆ ಬೇರೆಯದೇ ಜೀವ ಬರುತ್ತದೆ.

ಮೈಸೂರಿನ ರಂಗಾಯಣ 2010ರಲ್ಲಿ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಇದನ್ನು ರಾತ್ರಿಯಿಡೀ ನಾಟಕವಾಗಿ ಆಡಿತು. ನಾಟಕ ನೋಡಿ ಬಂದವರು ಪುಸ್ತಕ ಕೇಳಿಕೊಂಡು ಬರುವುದು ಇವತ್ತಿಗೂ ಇದೆ.

ಎಂಟು ಜ್ಞಾನಪೀಠಿಗಳದ್ದೂ ಒಂದೊಂದು ಪುಸ್ತಕ ಸೇರಿಸಿ ಸೆಟ್ ಮಾಡಿಕೊಡ್ತೀರಾ?

ಖಂಡಿತ ಮಾಡಿಕೊಡುತ್ತೇನೆ. ಆದರೆ ಕೊಳ್ಳುವ ಮೊದಲು ಯಾರಿಗೆ ಅಂತ ಕೇಳುತ್ತೇನೆ. ಶೋಕೇಸಿನಲ್ಲಿ ಇಡಲು ಆದರೆ ದುಡ್ಡು ವ್ಯರ್ಥ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಎಂಟೂ ಜನ ಎಂಟು ದಿಕ್ಕು. ಒಬ್ಬರು ಹಿಡಿಸಿದರು ಅಂತ ಇನ್ನೊಬ್ಬರೂ ಹಿಡಿಸಬೇಕೆಂದಿಲ್ಲ.

'ಶ್ರೀ ರಾಮಾಯಣ ದರ್ಶನಂ', 'ನಾಕುತಂತಿ', 'ಮೂಕಜ್ಜಿಯ ಕನಸುಗಳು' ಇವಕ್ಕೆ ಪ್ರಶಸ್ತಿ ಬಂದದ್ದು ಆ ಕೃತಿಗಳ ಹೆಸರಿನಲ್ಲೇ. 1982ರಿಂದ ಈಚೆಗೆ ಜ್ಞಾನಪೀಠವನ್ನು ಲೇಖಕರ ಒಟ್ಟು ಸಾಹಿತ್ಯಕ್ಕೆ ಕೊಡುತ್ತಾರೆ. ಹಾಗಾಗಿ 'ಪ್ರಶಸ್ತಿ ಬಂದ ಪುಸ್ತಕ' ಅಂತ ಹುಡುಕುವುದಕ್ಕಿಂತ ಆ ಲೇಖಕರ ಸುಲಭವಾದ ಪುಸ್ತಕ ಯಾವುದು ಅಂತ ಕೇಳಿ. ಮಾಸ್ತಿಯವರದ್ದು ಬೇಕಾದರೆ ಸಣ್ಣ ಕತೆಗಳಿಂದ ಶುರು ಮಾಡಿ, ಆಮೇಲೆ 'ಚಿಕ್ಕವೀರ ರಾಜೇಂದ್ರ'. ಕಾರ್ನಾಡರದ್ದಾದರೆ ನಾಟಕಕ್ಕೂ ಮೊದಲು ಅವರ ಆತ್ಮಕತೆ 'ಆಡಾಡತ ಆಯುಷ್ಯ' ಓದಿ. ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಪುಸ್ತಕ. ಎದುರು ಕೂತು ಮಾತಾಡಿದ ಹಾಗಿದೆ.

ಕಾರಂತರದ್ದು ಯಾವುದು ಮೊದಲು?

'ಬೆಟ್ಟದ ಜೀವ'. ಸುಬ್ರಹ್ಮಣ್ಯದ ಕಡೆ ಹೊರಟವರೊಬ್ಬರು ಕಾಡಿನಲ್ಲಿ ದಾರಿ ತಪ್ಪುತ್ತಾರೆ. ದೇರಣ್ಣ, ಬಟ್ಯ ಅನ್ನುವ ಇಬ್ಬರು ಅವರನ್ನು ಗೋಪಾಲಯ್ಯನವರ ಮನೆಗೆ ಕರೆದುಕೊಂಡು ಹೋಗಿ ಬಿಡುತ್ತಾರೆ. ಗೋಪಾಲಯ್ಯ, ಶಂಕರಿ ಇಬ್ಬರೇ ಇರುವ ಮನೆ. ಮಗ ಮನೆ ಬಿಟ್ಟು ಹೋಗಿದ್ದಾನೆ. ಬಂದ ಅತಿಥಿಯನ್ನು ಅವರು ಹೊರಡಲು ಬಿಡುವುದಿಲ್ಲ. ಇವತ್ತು ಬೇಡ, ನಾಳೆ ಹೋಗಿ ಅನ್ನುತ್ತಲೇ ದಿನ ಕಳೆಯುತ್ತದೆ. ಅಷ್ಟು ಪ್ರೀತಿಯ ಅಡಿಯಲ್ಲಿ ಎಷ್ಟು ದುಃಖ ಇದೆ ಅನ್ನೋದನ್ನ ಕಾರಂತರು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ.

ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮನೆಗಳು ನಮ್ಮ ಕಡೆ ತುಂಬಾ ಇವೆ. 1943ರ ಈ ಪುಸ್ತಕವನ್ನು ಓದಿ, 'ಇದು ನಮ್ಮ ಮನೆ ಕತೆ ಕಣ್ರೀ' ಅಂತ ಬಂದು ಹೇಳಿದವರು ಎಷ್ಟೋ ಜನ. ಅಂಥ ಮನೆಯ ಮಕ್ಕಳು ರಜಕ್ಕೆ ಊರಿಗೆ ಬಂದಾಗ ಅವರಿಗೂ ಇದನ್ನೇ ಕೊಡುತ್ತೇನೆ.

ಆಮೇಲೆ 'ಅಳಿದ ಮೇಲೆ'. ಸತ್ತುಹೋದ ಯಶವಂತರಾಯರ ಬದುಕನ್ನು ಸ್ನೇಹಿತರೊಬ್ಬರು ಹುಡುಕಿಕೊಂಡು ಹೊರಡುವ ಕತೆ. ಅದರ ನಂತರ 'ಮರಳಿ ಮಣ್ಣಿಗೆ', ಕರಾವಳಿಯ ಒಂದು ಮನೆಯ ಮೂರು ತಲೆಮಾರು. 'ಮೂಕಜ್ಜಿ' ಸ್ವಲ್ಪ ತಡವಾಗಿ ಓದಿದರೆ ಒಳ್ಳೆಯದು. ಅದರಲ್ಲಿ ವಿಚಾರ ಜಾಸ್ತಿ, ಕಾರಂತರ ದನಿ ಪರಿಚಯವಾದ ಮೇಲೆ ರುಚಿಸುತ್ತದೆ.

ಭೈರಪ್ಪನವರದ್ದು?

'ಗೃಹಭಂಗ'. ಬೇರೆ ಎಲ್ಲದಕ್ಕಿಂತ ಮೊದಲು ಇದು. ತಿಪಟೂರಿನ ಕಡೆಯ ಹಳ್ಳಿ, ಪ್ಲೇಗಿನ ಕಾಲ, ಗಂಡನ ಶಾನುಭೋಗಿಕೆಯ ಲೆಕ್ಕವನ್ನೆಲ್ಲ ತಾನೇ ಬರೆದು ಮನೆ ನಡೆಸುವ ನಂಜಮ್ಮ. ಕನ್ನಡ ಕಾದಂಬರಿಗಳ ಹೆಂಗಸರಲ್ಲಿ ನಂಜಮ್ಮನಷ್ಟು ನನ್ನನ್ನು ಕಾಡಿದವರು ಕಡಿಮೆ. ಆಮೇಲೆ 'ವಂಶವೃಕ್ಷ'. 'ಪರ್ವ' ಓದುವ ಮೊದಲು ಮಹಾಭಾರತದ ಕತೆ ಸರಿಯಾಗಿ ಗೊತ್ತಿರಲಿ. ಗೊತ್ತಿದ್ದಷ್ಟೂ ಅದು ಹೆಚ್ಚು ದಕ್ಕುತ್ತದೆ.

ಬೂಕರ್ ಬಂತಲ್ಲ, ಆ ಪುಸ್ತಕ ಕನ್ನಡದಲ್ಲಿ ಕೊಡಿ.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು 'ಹಾರ್ಟ್ ಲ್ಯಾಂಪ್' ಅನ್ನುವ ಇಂಗ್ಲಿಷ್ ಪುಸ್ತಕಕ್ಕೆ. ಹಾಸನದ ಬಾನು ಮುಷ್ತಾಕ್ ಅವರು ಮೂರು ದಶಕಗಳಲ್ಲಿ ಬರೆದ ಕತೆಗಳಿಂದ 12 ಕತೆ ಆರಿಸಿ, ಮಡಿಕೇರಿಯ ದೀಪಾ ಭಾಸ್ತಿ ಅನುವಾದ ಮಾಡಿದ್ದಾರೆ. ಬಹುಮಾನ ಇಬ್ಬರಿಗೂ ಸಮನಾಗಿ ಹಂಚಿಕೆಯಾಯಿತು. ಈ ಕತೆಗಳು ಕನ್ನಡದಲ್ಲಿ ಬಾನು ಅವರ ಬೇರೆ ಬೇರೆ ಸಂಕಲನಗಳಲ್ಲಿ ಬಂದವು. ಹಾಗಾಗಿ ಅವರ ಕತೆಗಳ ಯಾವ ಸಂಕಲನ ಸಿಕ್ಕಿದರೂ ಧೈರ್ಯವಾಗಿ ತೆಗೆದುಕೊಳ್ಳಿ.

ಮೊದಲು 'ಕರಿ ನಾಗರಗಳು' ಓದಿ. ಗಂಡ ಬಿಟ್ಟುಹೋದ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳುವ ಕತೆ. ಗಿರೀಶ್ ಕಾಸರವಳ್ಳಿ ಇದರ ಮೇಲೆ 'ಹಸೀನಾ' ಸಿನಿಮಾ ಮಾಡಿದರು. ಆಮೇಲೆ 'ಒಮ್ಮೆ ಹೆಣ್ಣಾಗು ಪ್ರಭುವೇ'. ಒಂದೇ ಸಲಕ್ಕೆ ಎಲ್ಲ ಕತೆ ಓದಬೇಡಿ. ಒಂದೊಂದೂ ಮನಸ್ಸಿನಲ್ಲಿ ಇಳಿಯಲು ಸಮಯ ಬೇಡುತ್ತದೆ.

ಬಾನು ಅವರು ಹಿಡಿಸಿದರೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮರೆಯಬೇಡಿ. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ನಾದಿರಾಳ ಕತೆ. ಒಂದೇ ದಿನದಲ್ಲಿ ಓದಿ ಮುಗಿಸಬಹುದು, ಮರೆಯಲು ಮಾತ್ರ ಆಗುವುದಿಲ್ಲ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಹಿಂದೆ ತುಂಬಾ ಓದುತ್ತಿದ್ದರು, ಈಗ ಬಿಟ್ಟಿದ್ದಾರೆ. ಏನು ಕೊಡಲಿ?

ಈ ಪ್ರಶ್ನೆ ಕೇಳುವವರು ಬಂದರೆ ನನಗೆ ಸಂತೋಷ. ಆ ತಲೆಮಾರಿನ ಹೆಂಗಸರು ಕನ್ನಡ ಕಾದಂಬರಿಯನ್ನು ಸಾಕಿದವರು. ವಾರಪತ್ರಿಕೆಯ ಧಾರಾವಾಹಿಗೆ ಕಾದು, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಬಾಡಿಗೆಗೆ ತಂದು, ಪಕ್ಕದ ಮನೆಯವರ ಜೊತೆ ಹಂಚಿಕೊಂಡು ಓದಿದವರು.

ತ್ರಿವೇಣಿಯವರ ಪುಸ್ತಕ ಕೊಡಿ. 'ಬೆಳ್ಳಿಮೋಡ', 'ಶರಪಂಜರ', 'ಬೆಕ್ಕಿನ ಕಣ್ಣು'. ಮೊದಲೆರಡರ ಸಿನಿಮಾ ನೋಡಿರುತ್ತಾರೆ, ಕತೆ ನೆನಪಿರುತ್ತದೆ, ಸುಲಭವಾಗಿ ಒಳಗೆ ಹೋಗುತ್ತಾರೆ. ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಮೂವತ್ತೈದೂ ತುಂಬಿರಲಿಲ್ಲ. ಹೆಂಗಸಿನ ಮನಸ್ಸು ಒಡೆಯುವುದು ಹೇಗೆ, ಅದನ್ನು ಸುತ್ತಲಿನವರು ಹೇಗೆ ನೋಡುತ್ತಾರೆ ಅಂತ ಆ ಕಾಲದಲ್ಲಿ ಬರೆದದ್ದು ಸಣ್ಣ ಕೆಲಸವಲ್ಲ. ಇವರನ್ನು 'ಟೈಂಪಾಸ್ ಕಾದಂಬರಿಕಾರ್ತಿ' ಅಂತ ಯಾರಾದರೂ ಅಂದರೆ ನನಗೆ ಕೋಪ ಬರುತ್ತದೆ.

ಎಂ.ಕೆ. ಇಂದಿರಾ ಇನ್ನೊಬ್ಬರು. ನಮ್ಮ ತೀರ್ಥಹಳ್ಳಿಯವರು. ಮೊದಲ ಕಾದಂಬರಿ 'ತುಂಗಭದ್ರ' ಬಂದಾಗ ಅವರಿಗೆ ನಲವತ್ತು ದಾಟಿತ್ತು. 'ಫಣಿಯಮ್ಮ'ನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆಟವಾಡುವ ವಯಸ್ಸಿನಲ್ಲಿ ಮದುವೆ, ಅದರ ಬೆನ್ನಿಗೇ ವೈಧವ್ಯ. ಆಮೇಲೆ ಒಂದು ಶತಮಾನಕ್ಕೆ ಹತ್ತಿರದ ಬಾಳು, ಮಡಿ ಹೆಂಗಸಾಗಿ. ಲೇಖಕಿಯ ಬಂಧುವೇ ಆಗಿದ್ದ ಅಜ್ಜಿಯ ನಿಜವಾದ ಬದುಕು ಇದು. ಫಣಿಯಮ್ಮ ಎಲ್ಲೂ ಕಿರುಚುವುದಿಲ್ಲ. ಸುಮ್ನೆ ಎಲ್ಲವನ್ನೂ ನೋಡುತ್ತಾಳೆ, ತನಗೆ ಸರಿ ಅನ್ನಿಸಿದ್ದನ್ನು ಮಾಡುತ್ತಾಳೆ. ಅಕ್ಕಪಕ್ಕದಲ್ಲಿ ಹೆರಿಗೆ ಕಷ್ಟವಾದರೆ ಜಾತಿ ನೋಡದೆ ಹೋಗಿ ನಿಲ್ಲುತ್ತಾಳೆ. ನಿಮ್ಮ ಅಮ್ಮ ಓದಿದ ಮೇಲೆ ನೀವೂ ಓದಿ. ಅವರ ಅಜ್ಜಿಯ ಬಗ್ಗೆ ಕೇಳಿ. ಆವರೆಗೆ ಮನೆಯಲ್ಲಿ ಯಾರೂ ಹೇಳದ ಸಂಗತಿಗಳು ಹೊರಬರುತ್ತವೆ.

ಕೊಳ್ಳುವಾಗ ಅಕ್ಷರದ ಗಾತ್ರ ನೋಡಿ. ಒಂದೇ ಪುಸ್ತಕ ಬೇರೆ ಬೇರೆ ಮುದ್ರಣದಲ್ಲಿ ಬೇರೆ ಬೇರೆ ಅಳತೆಯ ಅಕ್ಷರದಲ್ಲಿ ಇರುತ್ತದೆ. ಹಿರಿಯರು ಓದು ಬಿಡಲು ಎಷ್ಟೋ ಸಲ ಕಣ್ಣೇ ಕಾರಣ, ಆಸಕ್ತಿ ಹಾಗೇ ಇರುತ್ತದೆ.

ಮಗಳು ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತಾಳೆ, ಓದಲ್ಲ. ಏನು ಮಾಡೋದು?

ನೀವು ಓದಿ ಹೇಳಿ. ಬೇರೆ ಉಪಾಯ ನನಗೆ ಗೊತ್ತಿಲ್ಲ. ಪುಸ್ತಕ ಕೊಟ್ಟು 'ಹೋಗಿ ಓದು' ಅಂದರೆ ಅದು ಇನ್ನೊಂದು ಹೋಂವರ್ಕ್ ಆಗುತ್ತದೆ.

ಚಿಕ್ಕ ಮಕ್ಕಳಿಗೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಗಟ್ಟಿಯಾಗಿ ಓದಿ. ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯದಿಂದ ಹುಟ್ಟಿದ್ದು. ಆದರೆ ಆ ಇಲಿಗಳು ಅಪ್ಪಟ ಕನ್ನಡದ ಇಲಿಗಳು. ಸಾಲು ಓಡುವ ಓಟಕ್ಕೆ ಮಕ್ಕಳು ತಾವೇ ದನಿ ಸೇರಿಸುತ್ತಾರೆ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳೂ ಹಾಗೇ, ನಾಲ್ಕು ದಿನಕ್ಕೆ ಬಾಯಿಪಾಠ. ಎನ್‌ಬಿಟಿ (ನ್ಯಾಷನಲ್ ಬುಕ್ ಟ್ರಸ್ಟ್) ಮತ್ತು ಪ್ರಥಮ್ ಬುಕ್ಸ್ ಅವರ ಚಿತ್ರಪುಸ್ತಕಗಳು ಅಗ್ಗ. ಹರಿದರೂ ಬೇಸರವಿಲ್ಲ. ಮಕ್ಕಳ ಪುಸ್ತಕ ಹರಿಯಬೇಕು ಕೂಡ.

ಹತ್ತು ವರ್ಷ ದಾಟಿದವರಿಗೆ ಬೇಟೆಯ ಕತೆ. ಕೆನೆತ್ ಆಂಡರ್ಸನ್ ಬರೆದದ್ದನ್ನು ತೇಜಸ್ವಿ 'ಕಾಡಿನ ಕತೆಗಳು' ಅಂತ ಭಾಗಗಳಲ್ಲಿ ಕನ್ನಡಕ್ಕೆ ತಂದಿದ್ದಾರೆ. ಮೊದಲ ಭಾಗ 'ಬೆಳ್ಳಂದೂರಿನ ನರಭಕ್ಷಕ'. ಬೆಂಗಳೂರಿನ ಬೆಳ್ಳಂದೂರು ಅಂದುಕೊಳ್ಳಬೇಡಿ, ನಮ್ಮ ಜಿಲ್ಲೆಯ ಕಾಡಿನದು. ಜಿಮ್ ಕಾರ್ಬೆಟ್‌ನ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವನ್ನೂ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ರಾತ್ರಿ ಒಂದು ಅಧ್ಯಾಯ ಓದಿ, ಹುಲಿ ಹತ್ತಿರ ಬಂತು ಅನ್ನುವಾಗ ನಿಲ್ಲಿಸಿ ಮಲಗಿಬಿಡಿ. ಬೆಳಿಗ್ಗೆ ಮಗು ತಾನೇ ಪುಸ್ತಕ ತೆರೆದಿರುತ್ತದೆ. ಇದನ್ನು ಎಷ್ಟೋ ಅಪ್ಪ ಅಮ್ಮಂದಿರಿಗೆ ಹೇಳಿದ್ದೇನೆ, ಫಲ ಕೊಟ್ಟಿದೆ.

ಸಾಗರದ ನಾ. ಡಿಸೋಜ ಅವರನ್ನು ಮಕ್ಕಳಿಗೆ ಪರಿಚಯ ಮಾಡಿಸಿ. 'ಮುಳುಗಡೆಯ ಊರಿಗೆ ಬಂದವರು' ಪುಸ್ತಕಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ನೀರಿನಡಿ ಹೋದ ಊರುಗಳ ಬಗ್ಗೆ ಅವರಷ್ಟು ಬರೆದವರಿಲ್ಲ. ಸ್ವಿಚ್ ಹಾಕಿದರೆ ದೀಪ ಹೊತ್ತಿಕೊಳ್ಳುವುದರ ಹಿಂದೆ ಯಾರ ಮನೆ ಹೋಯಿತು ಅಂತ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ದೊಡ್ಡವರಿಗೆ ಅವರದ್ದೇ 'ದ್ವೀಪ' ಇದೆ.

ಕವಿತೆ ಅರ್ಥವಾಗುವುದಿಲ್ಲ. ಓದಲೇಬೇಕಾ?

ಮನಸ್ಸಿಲ್ಲದಿದ್ದರೆ ಬಿಡಿ. ಮನಸ್ಸಿದ್ದರೆ, ಕಣ್ಣಿನಲ್ಲಿ ಓದುವುದು ಬಿಟ್ಟು ಬಾಯಲ್ಲಿ ಓದಿ. ಬೇಂದ್ರೆಯವರ ಪದ್ಯವನ್ನು ಮೌನವಾಗಿ ಓದಿದರೆ ಅರ್ಧ ಕೈ ತಪ್ಪುತ್ತದೆ. ಧಾರವಾಡದ ಮಾತಿನ ಧಾಟಿ ಅದು. ಗಟ್ಟಿಯಾಗಿ ಎರಡು ಸಲ ಹೇಳಿ, ಅರ್ಥ ತಾನಾಗಿ ಹಿಂದೆ ಬರುತ್ತದೆ.

ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯಿಂದ ಶುರು ಮಾಡಿದರೆ ತುಂಬಾ ಸುಲಭ. 1942ರ ಪುಸ್ತಕ, ಹೊಸದಾಗಿ ಮದುವೆಯಾದವರಿಗೆ ಇವತ್ತಿಗೂ ಇದನ್ನೇ ಕಟ್ಟಿಕೊಡುತ್ತೇನೆ. ಡಿವಿಜಿಯವರ 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯಗಳಿವೆ. ದಿನಕ್ಕೊಂದು ಓದಿದರೆ ಎರಡೂವರೆ ವರ್ಷದ ಮೇಲೆ ಬರುತ್ತದೆ. ಪದ ಬಿಡಿಸಿ ಅರ್ಥ ಬರೆದಿರುವ ಆವೃತ್ತಿ ತೆಗೆದುಕೊಳ್ಳಿ.

ಹಳೆಯ ಕಾವ್ಯದ ಆಸೆ ಇದ್ದರೆ ಕುಮಾರವ್ಯಾಸನ ಗದುಗಿನ ಭಾರತ. ಆದರೆ ಪುಸ್ತಕ ಕೊಳ್ಳುವ ಮೊದಲು ಒಂದು ಗಮಕ ವಾಚನ ಕೇಳಿ. ತುಂಗೆಯ ದಡದ ಮತ್ತೂರು, ಹೊಸಹಳ್ಳಿ ನಮ್ಮ ಪಕ್ಕದಲ್ಲೇ ಇವೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಒಬ್ಬರು ಹಾಡುತ್ತಾ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾ ಹೋದರೆ ಅವನ ಆರು ಸಾಲಿನ ಪದ್ಯ ಭಾಮಿನಿ ಷಟ್ಪದಿ ಕಬ್ಬಿಣದ ಕಡಲೆ ಅನ್ನಿಸುವುದಿಲ್ಲ. ಕೇಳಿ ಬಂದವರೇ ನಮ್ಮಲ್ಲಿ ಗದುಗಿನ ಭಾರತ ಕೊಳ್ಳುವುದು.

ದಲಿತ ಲೇಖಕರ ಪುಸ್ತಕಗಳಲ್ಲಿ ನಿಮ್ಮ ಆಯ್ಕೆ?

ದೇವನೂರ ಮಹಾದೇವ ಅವರ 'ಒಡಲಾಳ'. ಸಾಕವ್ವನ ಹುಂಜ ಕಳೆದುಹೋಗಿದೆ. ಮನೆಯವರೆಲ್ಲ ಸುತ್ತ ಕೂತು ಕಡಲೆಕಾಯಿ ತಿನ್ನುತ್ತಾರೆ. ಪೊಲೀಸರು ಬರುತ್ತಾರೆ. ಇಷ್ಟರಲ್ಲೇ ಹಸಿವು, ನಗು, ಅವಮಾನ, ಕನಸು ಎಲ್ಲ ಬಂದುಹೋಗುತ್ತದೆ. ಕನ್ನಡದಲ್ಲಿ ಇಷ್ಟು ಕಡಿಮೆ ಪುಟಗಳಲ್ಲಿ ಇಷ್ಟು ದೊಡ್ಡ ಲೋಕ ಕಟ್ಟಿದ ಪುಸ್ತಕ ಇನ್ನೊಂದು ಇದೆಯಾ ಅಂತ ಯೋಚಿಸುತ್ತಿರುತ್ತೇನೆ. ಆಮೇಲೆ 'ಕುಸುಮಬಾಲೆ'. ನಂಜನಗೂಡು ಕಡೆಯ ಆಡುಮಾತು, ಮೊದಲಿಗೆ ತೊಡಕು. ಇದಕ್ಕೂ ಗಟ್ಟಿಯಾಗಿ ಓದುವುದೇ ದಾರಿ.

ಸಿದ್ದಲಿಂಗಯ್ಯನವರ 'ಊರುಕೇರಿ' ಆತ್ಮಕತೆ. ನೊಗಕ್ಕೆ ಎತ್ತಿನ ಬದಲು ಮನುಷ್ಯರನ್ನು ಹೂಡಿದ್ದನ್ನು ಕಂಡ ಹುಡುಗ, ಅದನ್ನು ಹೇಳುವಾಗಲೂ ಓದುವವರ ಮೇಲೆ ಭಾರ ಹೇರುವುದಿಲ್ಲ. ನಗಿಸುತ್ತಾರೆ, ನಗು ಮುಗಿಯುವಷ್ಟರಲ್ಲಿ ಗಂಟಲು ಕಟ್ಟುತ್ತದೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವನ್ನೂ ಜೊತೆಗೆ ಓದಿ. ಕಾಲೇಜಿನ ಹುಡುಗ ಹುಡುಗಿಯರಿಗೆ ಈ ಪುಸ್ತಕಗಳನ್ನು ನಾನೇ ಮುಂದಾಗಿ ತೋರಿಸುತ್ತೇನೆ.

ಈಗಿನ ಕಾಲದ ಬದುಕಿನ ಕತೆ ಬೇಕು. ಹಳ್ಳಿ, ಕಾಡು ಸಾಕು.

ವಿವೇಕ ಶಾನಭಾಗರ 'ಘಾಚರ್ ಘೋಚರ್'. ಬೆಂಗಳೂರಿನ ಒಂದು ಮನೆಗೆ ಇದ್ದಕ್ಕಿದ್ದಂತೆ ದುಡ್ಡು ಬಂದರೆ ಏನೇನು ಬದಲಾಗುತ್ತದೆ ಅನ್ನುವ ಕತೆ. ಚಿಕ್ಕದು, ಚೂಪು. ಜಯಂತ ಕಾಯ್ಕಿಣಿಯವರ 'ತೂಫಾನ್ ಮೇಲ್' ಸಂಕಲನದಲ್ಲಿ ಮುಂಬೈ ಇದೆ. ಅವರ ಮುಂಬೈ ಕತೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಬಂದಿದೆ. ವಸುಧೇಂದ್ರರ 'ಮೋಹನಸ್ವಾಮಿ' ಸಲಿಂಗಿ ಯುವಕನ ಬದುಕನ್ನು ಮುಚ್ಚುಮರೆಯಿಲ್ಲದೆ ಹೇಳಿದ ಪುಸ್ತಕ. ಯಾರಿಗಾದರೂ ತೀರಾ ಬೇಕಾಗಿರುತ್ತದೆ, ಕೇಳಲು ಸಂಕೋಚ. ಅದಕ್ಕೇ ಎದುರಿನ ಕಪಾಟಿನಲ್ಲೇ ಇಟ್ಟಿದ್ದೇನೆ. ಇತಿಹಾಸದ ಕಾದಂಬರಿ ಬೇಕಾದರೆ ಅವರದ್ದೇ 'ತೇಜೋ ತುಂಗಭದ್ರಾ' ಇದೆ. ಲಿಸ್ಬನ್‌ನಿಂದ ವಿಜಯನಗರದವರೆಗೆ ಹರಡಿದ ಕತೆ.

ಬೇರೆ ಭಾಷೆಯ ಸಾಹಿತ್ಯವನ್ನು ಕನ್ನಡದಲ್ಲೇ ಓದಬಹುದಾ?

ಧಾರಾಳವಾಗಿ. ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕದವರು ತಂದ 'ವಿಶ್ವಕಥಾಕೋಶ' 25 ಸಂಪುಟ. ಬೇರೆ ಬೇರೆ ದೇಶಗಳ ಕತೆಗಳು. ಇಡೀ ಸೆಟ್ ಬೇಡ ಅನ್ನಿಸಿದರೆ ಬಿಡಿ ಸಂಪುಟ ಒಂದು ಓದಿ ನೋಡಿ. ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ'ಯನ್ನು ಓ.ಎಲ್. ನಾಗಭೂಷಣಸ್ವಾಮಿ ಕನ್ನಡಕ್ಕೆ ತಂದಿದ್ದಾರೆ. ನಾಟಕ, ವಿಚಾರ ಸಾಹಿತ್ಯಕ್ಕೆ ಹೆಗ್ಗೋಡಿನ ಅಕ್ಷರ ಪ್ರಕಾಶನದ ಪುಸ್ತಕಗಳನ್ನು ನೋಡಿ. ಕೆ.ವಿ. ಸುಬ್ಬಣ್ಣ ಕಟ್ಟಿದ ಪ್ರಕಾಶನ. ಒಂದು ಹಳ್ಳಿಯಿಂದ ಇಂಥ ಪುಸ್ತಕಗಳು ಬರುತ್ತವೆ ಅನ್ನೋದು ನಮ್ಮ ಜಿಲ್ಲೆಯ ಹೆಮ್ಮೆ.

ಅರ್ಧ ಓದಿ ಬಿಟ್ಟರೆ ತಪ್ಪಾ?

ಇಲ್ಲ. ಪುಸ್ತಕಕ್ಕೂ ಓದುವವರಿಗೂ ಸಮಯ ಕೂಡಿಬರಬೇಕು. ಬಿಟ್ಟ ಪುಟಕ್ಕೆ ಒಂದು ಗುರುತಿಟ್ಟು ಎತ್ತಿಡಿ.

ಸಮಾರಂಭಕ್ಕೆ ಹಾರದ ಬದಲು ಪುಸ್ತಕ ಕೊಡಬೇಕು. ನೂರು ಪ್ರತಿ ಒಂದೇ ಪುಸ್ತಕ ಸಿಗುತ್ತಾ?

ಮೊದಲೇ ಹೇಳಿದರೆ ತರಿಸಿಕೊಡುತ್ತೇವೆ, ರಿಯಾಯಿತಿಯೂ ಸಿಗುತ್ತದೆ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಬಿಟ್ಟು ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲಿ ಆದೇಶವೂ ಬಂತು. ಒಳ್ಳೆಯ ಪದ್ಧತಿ. ಆದರೆ ಎಲ್ಲರಿಗೂ ಒಂದೇ ಪುಸ್ತಕ ಬೇಡ ಅನ್ನುವುದು ನನ್ನ ಬಿನ್ನಹ. ಹತ್ತು ಬಗೆಯ ಪುಸ್ತಕ ಹತ್ತತ್ತು ಪ್ರತಿ ತೆಗೆದುಕೊಳ್ಳಿ. ಕೈಗೆ ಸಿಕ್ಕಿದ್ದನ್ನು ಅಕ್ಕಪಕ್ಕದವರು ಬದಲಾಯಿಸಿಕೊಳ್ಳುತ್ತಾರೆ, ಮಾತು ಶುರುವಾಗುತ್ತದೆ.

ಇಷ್ಟು ಮೊಬೈಲ್ ಕಾಲದಲ್ಲಿ ಪುಸ್ತಕದಂಗಡಿ ನಡೆಯುತ್ತಾ?

ನಡೆಯುತ್ತಿದೆ. ಹಳೆಯ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಆಗ ರಸ್ತೆಯೂ ಇರಲಿಲ್ಲ, ಓದು ಬಲ್ಲವರೂ ಕಡಿಮೆ. ಅವರ ಮುಂದೆ ನಮ್ಮ ಕಷ್ಟ ದೊಡ್ಡದಲ್ಲ. ಮೊಬೈಲ್‌ನಲ್ಲಿ ಕನ್ನಡ ಇ-ಪುಸ್ತಕ, ಕೇಳುವ ಪುಸ್ತಕಗಳೂ ಬಂದಿವೆ. ಹೊರದೇಶದಲ್ಲಿ ಇರುವವರಿಗೆ ಅದನ್ನೇ ಹೇಳುತ್ತೇನೆ, ಅಂಚೆ ಖರ್ಚು ಪುಸ್ತಕದ ಬೆಲೆಗಿಂತ ಜಾಸ್ತಿ ಆಗುತ್ತದೆ. ಎಲ್ಲಿಯಾದರೂ ಸರಿ, ಕನ್ನಡ ಓದಲಿ.

ಎಲ್ಲರಿಗೂ ಹೇಳ್ತೀರಿ. ನಿಮಗೆ ತುಂಬಾ ಇಷ್ಟವಾದ ಒಂದೇ ಒಂದು ಪುಸ್ತಕ?

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಡಿವಿಜಿಯವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರ ನೋಡಲು ಕಾಡು ಬೆಟ್ಟ ತಿರುಗಿದ ಕತೆ. ಸಸ್ಯಶಾಸ್ತ್ರ ಅಂದಾಕ್ಷಣ ಜನ ಹಿಂದೆ ಸರಿಯುತ್ತಾರೆ. ಅಂಥವರಿಗೆ ಯಾವುದಾದರೂ ಒಂದು ಪುಟ ತೆಗೆದು ಕೊಡುತ್ತೇನೆ, ನಿಂತಲ್ಲೇ ನಗಲು ಶುರು ಮಾಡುತ್ತಾರೆ.

ಒಂದು ಗಿಡ ಸಿಕ್ಕಿದರೆ ಸ್ವಾಮಿಯವರು ಅದರ ಎಲೆ, ಹೂವು ಹೇಳಿ ಸುಮ್ಮನಾಗುವುದಿಲ್ಲ. ಅದಕ್ಕೆ ಊರಿನವರು ಏನೆನ್ನುತ್ತಾರೆ, ಹಳೆಯ ಕವಿ ಏನು ಹೇಳಿದ, ಅಡುಗೆಗೆ ಬರುತ್ತದಾ, ಹುಡುಗರು ಅದನ್ನು ಮುಟ್ಟಿ ಏನು ಫಜೀತಿ ಮಾಡಿಕೊಂಡರು, ಎಲ್ಲ ಬರುತ್ತದೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ವಿಜ್ಞಾನವನ್ನು ಕನ್ನಡದಲ್ಲಿ ಬರೆಯಲು ಆಗುವುದಿಲ್ಲ ಅಂತ ಯಾರಾದರೂ ವಾದ ಮಾಡಿದರೆ ನಾನು ಮಾತಾಡುವುದಿಲ್ಲ, ಇದನ್ನು ತೆಗೆದು ಕೊಡುತ್ತೇನೆ. ನಮ್ಮ ಮಲೆನಾಡಿನವರಂತೂ ಓದಲೇಬೇಕು. ದಿನಾ ಕಾಣುವ ಬೇಲಿಯ ಗಿಡವನ್ನು ಬಗ್ಗಿ ನೋಡುವಂತೆ ಮಾಡುತ್ತದೆ.

ಹೊರಗಿನ ಕಪಾಟಿನಲ್ಲಿ ಕಾಣದಿದ್ದರೆ ಕೇಳಿ. ಒಳಗೆ ಒಂದೆರಡು ಪ್ರತಿ ಯಾವಾಗಲೂ ಇಟ್ಟಿರುತ್ತೇನೆ.